ಸಿಂಪಡಣೆ ಡ್ರೋನ್ ಬ್ಯಾಟರಿ ಎತ್ತಿಡುವ ಮುನ್ನ

ಎಲ್ಲ ಸದಸ್ಯರ ಗಮನಕ್ಕೆ,

ತೊಗರಿಗೆ ಔಷಧಿ ಹೊಡೆಯೋದು ಮುಗೀತಾ ಬಂತು. ದಯವಿಟ್ಟು ಬ್ಯಾಟರಿ ಫುಲ್ ಚಾರ್ಜ್ ಮಾಡಿ ಇಡಬೇಡಿ. ಬ್ಯಾಟರಿ ಪ್ಯಾಕ್ ಒಳಗಿನ ಒಂದೊಂದು ಸೆಲ್ (ಬಿಡಿ ಘಟಕ) ಫುಲ್ ಚಾರ್ಜ್ ಆದ 4.2 ವೋಲ್ಟ್‌ನಲ್ಲೇ ತಿಂಗಳುಗಟ್ಟಲೆ ನಿಂತರೆ, ಅದರಲ್ಲೂ ಸೆಕೆಗೆ, ಒಳಗೆ ಗ್ಯಾಸ್ ಹುಟ್ಟಿ ಪ್ಯಾಕ್ ಉಬ್ಬುತ್ತದೆ. ಖಾಲಿ ಇಡೋದೂ ತಪ್ಪೇ: 3 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ ಮತ್ತೆ ಮೊದಲಿನಂತೆ ಆಗೋದಿಲ್ಲ.

ಹಾರಿಸಿದ ಬ್ಯಾಟರಿ ಆರಿದ ಮೇಲೆ, ಚಾರ್ಜರ್‌ನ ಸ್ಟೋರೇಜ್ (ಎತ್ತಿಡುವ ಮಟ್ಟಕ್ಕೆ ತರುವ) ಮೋಡ್‌ನಲ್ಲಿ ಸೆಲ್‌ಗೆ 3.80ರಿಂದ 3.85 ವೋಲ್ಟ್‌ಗೆ ತನ್ನಿ. 12 ಸೆಲ್ ಪ್ಯಾಕ್‌ಗೆ ಒಟ್ಟು 45.6ರಿಂದ 46.2 ವೋಲ್ಟ್. ಒಟ್ಟು ಲೆಕ್ಕ ಸರಿ ಇದೆ ಅಂತ ಬಿಡಬೇಡಿ, ಒಂದೊಂದು ಸೆಲ್ ನೋಡಿ. ಒಂದು 3.84, ಇನ್ನೊಂದು 3.70 ತೋರಿಸಿದರೆ ಬ್ಯಾಲೆನ್ಸ್ ಚಾರ್ಜ್ (ಎಲ್ಲ ಸೆಲ್ ಸಮ ವೋಲ್ಟೇಜ್‌ಗೆ ತರೋದು) ಮಾಡಿ. ಎರಡು ದಿನದಲ್ಲಿ ಅದೇ ಸೆಲ್ ಮತ್ತೆ ಇಳಿದರೆ ಆ ಪ್ಯಾಕ್ ಹಾರಿಸಬೇಡಿ.

ಡ್ರೋನ್‌ನಿಂದ ಬಿಚ್ಚಿ, ಕನೆಕ್ಟರ್ ಒರೆಸಿ ಕ್ಯಾಪ್ ಹಾಕಿ. ತಗಡಿನ ಶೆಡ್, ಗಾಡಿ ಡಿಕ್ಕಿ ಬೇಡವೇ ಬೇಡ. ಕಲಬುರಗಿ ಬ್ಯಾಸಿಗಿ ಗೊತ್ತೇ ಇದೆಯಲ್ಲ, ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಶಹಾಬಾದ್ ಕಲ್ಲು ಹಾಸಿದ ತಂಪು ಕೋಣೆ ಒಳ್ಳೇದು, ಮೇವು, ಡೀಸೆಲ್ ಹತ್ತಿರ ಇರಬಾರದು. ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ, 3.7ಕ್ಕೆ ಇಳಿದಿದ್ದರೆ ಮತ್ತೆ ಏರಿಸಿ.

ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗಂತೂ ಹಾಕಲೇಬೇಡಿ. ಮರಳು ತುಂಬಿದ ಬಕೆಟ್‌ನಲ್ಲಿ ಮನೆ ಹೊರಗೆ, ನೆರಳಲ್ಲಿ ಇಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.