ಲೈಬ್ರರಿಗಳ ರಾತ್ರಿ ದೀಪ

ಸಂಪಾದಕರಿಗೆ ನಮಸ್ಕಾರ.

ಧಾರವಾಡದ ಸಪ್ತಾಪುರದ ಸುತ್ತಮುತ್ತ ಈಗ ಓಣಿ ಓಣಿಗೂ ಪ್ರೈವೇಟ್ ಲೈಬ್ರರಿಗಳಿವೆ. ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಮಕ್ಕಳು ತಿಂಗಳಿಗಿಷ್ಟು ಅಂತ ಕೊಟ್ಟು ಅಲ್ಲಿ ಕೂರುತ್ತಾರೆ. ‘24 ಗಂಟೆಯೂ ತೆರೆದಿರುತ್ತದೆ’ ಎಂಬ ಬೋರ್ಡು ಹಲವು ಕಡೆ ಇದೆ. ನಡುರಾತ್ರಿಯಲ್ಲೂ ಒಳಗೆ ಹಗಲಿನಂಥ ಬಿಳಿ ಬೆಳಕು. ಆ ಬೆಳಕಿನ ಬಗ್ಗೆ ಈ ಪತ್ರ.

ನಾನು ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಮಹಡಿಯ ಕೋಣೆಗಳಲ್ಲಿ ಇಂಥ ಮಕ್ಕಳೇ ಬಾಡಿಗೆಗೆ ಇದ್ದಾರೆ. ಹಾವೇರಿ ಕಡೆಯ ಒಬ್ಬ ಹುಡುಗ ಬೆಳಗಿನ ಜಾವ ಬಂದು ಮಲಗುತ್ತಾನೆ, ಹೊತ್ತು ನೆತ್ತಿಗೇರಿದ ಮೇಲೆ ಏಳುತ್ತಾನೆ. ಕೇಳಿದರೆ, ‘ನಾ ಗೂಬಿ ಇದ್ದಂಗ್ರಿ ಮೇಡಂ. ರಾತ್ರಿ ಓದಿದ್ದಷ್ಟ ತಲಿಗೆ ಹತ್ತತೈತಿ’ ಅನ್ನುತ್ತಾನೆ.

ಅವನು ಗೂಬೆಯಲ್ಲ, ಇಲಿಯೂ ಅಲ್ಲ. ಇಲಿಯ ಮಾತು ಯಾಕೆಂದರೆ, ನಿದ್ದೆ ಎಚ್ಚರಗಳ ಹೊತ್ತನ್ನು ಒಳಗಿನಿಂದಲೇ ನಡೆಸುವ ದೇಹದ ಗಡಿಯಾರದ ಬಗ್ಗೆ ನಾವು ಕೇಳುವ ಸಂಗತಿಗಳಲ್ಲಿ ಬಹಳಷ್ಟು ಇಲಿಗಳಿಂದ ಬಂದಿವೆ. ಕಣ್ಣಿನ ಎರಡು ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯುವ ಜಾಗವಿದೆಯಲ್ಲ, ಅದರ ಮೇಲೆಯೇ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಜೋಡಿ ನರಕೋಶಗಳ ಗುಂಪು ಇದೆ. ಎಸ್‌ಸಿಎನ್ ಅಂತ ಅದರ ಹೆಸರು. ಗಡಿಯಾರ ಇರುವುದು ಇಲ್ಲೇ ಅಂತ 1972ರಲ್ಲಿ ಗೊತ್ತಾದದ್ದು ಇಲಿಗಳಲ್ಲಿ. ಅದನ್ನು ಕೆಡಿಸಿದರೆ ಇಲಿಯ ನಿದ್ದೆ ಹಗಲೂ ರಾತ್ರಿಯೂ ಚದುರಿಹೋಗುತ್ತದೆ, ಆದರೆ ಒಟ್ಟು ನಿದ್ದೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕೋತಿಯಲ್ಲಿ ಹಾಗಾಗಲಿಲ್ಲ. 1993ರಲ್ಲಿ ಅಮೆರಿಕದ ಎಡ್ಗರ್, ಡಿಮೆಂಟ್, ಫುಲ್ಲರ್ ಎಂಬ ಮೂವರು ಇದೇ ಪ್ರಯೋಗವನ್ನು ಸ್ಕ್ವಿರಲ್ ಮಂಕಿ ಎಂಬ ಸಣ್ಣ ಕೋತಿಗಳಲ್ಲಿ ಮಾಡಿದರು. ನಮ್ಮ ಹಾಗೆ ಹಗಲು ಎಚ್ಚರವಿದ್ದು ರಾತ್ರಿ ಮಲಗುವ ಪ್ರಾಣಿ ಅದು. ಗಡಿಯಾರ ಕಳೆದುಕೊಂಡ ಕೋತಿಗಳು ದಿನಕ್ಕೆ ಸುಮಾರು 4 ಗಂಟೆ ಜಾಸ್ತಿ ಮಲಗಿದವು. ಹಗಲಲ್ಲಿ ಒಂದೇ ಸಮನೆ ಎಚ್ಚರವಿರುವುದು ಅವಕ್ಕೆ ಸಾಧ್ಯವೇ ಆಗಲಿಲ್ಲ.

ಅಂದರೆ ನಮ್ಮ ಬಳಗದಲ್ಲಿ ಈ ಗಡಿಯಾರ ದಿನವಿಡೀ ಎಚ್ಚರವನ್ನು ಎತ್ತಿ ಹಿಡಿಯುತ್ತದೆ. ಬೆಳಗ್ಗೆ ಎದ್ದಾಗಿನಿಂದ ನಿದ್ದೆಯ ಭಾರ ಏರುತ್ತಲೇ ಇರುತ್ತದೆ. ಅದಕ್ಕೆ ಎದುರಾಗಿ ಗಡಿಯಾರವೂ ಬಲ ಹಾಕುತ್ತದೆ. ಮನುಷ್ಯರಲ್ಲಿ ಈ ಬಲ ಎಲ್ಲಕ್ಕಿಂತ ಜಾಸ್ತಿ ಇರುವುದು ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ. ರಾತ್ರಿ ಊಟದ ಹೊತ್ತಿಗೆ ತಲೆ ಚುರುಕಾಗುವುದು ಅದಕ್ಕೇ. ನಮ್ಮ ಹುಡುಗ ಆ ಚುರುಕನ್ನು ನೋಡಿ ರಾತ್ರಿಯೆಲ್ಲ ಹಾಗೇ ಇರುತ್ತದೆ ಅಂದುಕೊಂಡಿದ್ದಾನೆ. ಆಮೇಲೆ ಗಡಿಯಾರ ಕೈಬಿಡುತ್ತದೆ, ಮೈಯ ಬಿಸಿ ಇಳಿಯುತ್ತದೆ, ಓದಿದ ಪುಟವನ್ನೇ ಮತ್ತೆ ಮತ್ತೆ ಓದುವುದಾಗುತ್ತದೆ.

ದೀಪದ ಪಾತ್ರ ಇಲ್ಲಿ ಬರುತ್ತದೆ. ಹೊರಗೆ ಬೆಳಕು ಎಷ್ಟಿದೆ ಅಂತ ಎಸ್‌ಸಿಎನ್‌ಗೆ ಸುದ್ದಿ ಮುಟ್ಟಿಸಲು ಕಣ್ಣಲ್ಲಿ ಬೇರೆಯೇ ಕೋಶಗಳಿವೆ. 2002ರಲ್ಲಿ ಇಲಿಗಳಲ್ಲಿ, 2005ರಲ್ಲಿ ಮಕಾಕ್ ಕೋತಿಗಳಲ್ಲಿ ಅವು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಅಂತ ತೋರಿಸಿದರು. ನಮ್ಮ ಟೆರೇಸಿಗೆ ಬರುವ ಮಂಗಗಳೂ ಮಕಾಕ್ ಜಾತಿಯವೇ, ಕತ್ತಲಾಗುವ ಮುಂಚೆ ಮರ ಸೇರಿಬಿಡುತ್ತವೆ. ಈ ಕೋಶಗಳಿಗೆ ನೀಲಿ ಬೆಳಕು ಹೆಚ್ಚು ನಾಟುತ್ತದೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಧಾರಾಳವಾಗಿರುತ್ತದೆ. ಮನುಷ್ಯನ ಒಳಗಡಿಯಾರ ತಾನಾಗಿ ಓಡಿದರೆ ಒಂದು ಸುತ್ತಿಗೆ ಸರಾಸರಿ 24 ಗಂಟೆ 11 ನಿಮಿಷ ಅಂತ ಹಾರ್ವರ್ಡ್‌ನವರು 1999ರಲ್ಲಿ ಅಳೆದರು. ಆ ಹೆಚ್ಚಿನ ನಿಮಿಷಗಳನ್ನು ದಿನಾ ತಿದ್ದುವುದು ಬೆಳಗಿನ ಬಿಸಿಲು. ರಾತ್ರಿಯ ಬೆಳಕು ಗಡಿಯಾರವನ್ನು ಇನ್ನಷ್ಟು ತಡ ಮಾಡುತ್ತದೆ. ಆ ಹುಡುಗ ಬೇಗ ಮಲಗುತ್ತೇನೆ ಅಂದರೂ ನಿದ್ದೆ ಹತ್ತುವುದಿಲ್ಲ. ಅದು ಸೋಮಾರಿತನ ಅಲ್ಲ. ಆದರೆ ಪರೀಕ್ಷೆ ನಡೆಯುವುದು ಹಗಲಲ್ಲಿ, ಅಲ್ವಾ?

ಕೆಡುವುದು ನಿದ್ದೆ ಒಂದೇ ಅಲ್ಲ. 2018ರಲ್ಲಿ ಬಬೂನ್ ಕೋತಿಯ 64 ಅಂಗಾಂಶಗಳನ್ನು ಹಗಲು ರಾತ್ರಿ ಪರೀಕ್ಷಿಸಿದಾಗ, ಪ್ರೋಟೀನ್ ಮಾಡಿಸುವ ಜೀನ್‌ಗಳಲ್ಲಿ ಶೇ 80ಕ್ಕೂ ಜಾಸ್ತಿ ಜೀನ್‌ಗಳು ಒಂದಲ್ಲ ಒಂದು ಕಡೆ ಹೊತ್ತಿಗೆ ತಕ್ಕಂತೆ ಏರಿಳಿಯುವುದು ಕಂಡಿತು. ಹೊಟ್ಟೆ, ಯಕೃತ್ತು, ಹೃದಯ ಎಲ್ಲಕ್ಕೂ ಹೊತ್ತು ಅಂತ ಇದೆ.

ಹಾಗಂತ ನಾಲ್ಕಕ್ಕೇ ಎದ್ದು ಓದು ಅಂತ ಈ ಮಕ್ಕಳನ್ನು ಕಾಡುವುದೂ ಸರಿಯಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಗಡಿಯಾರ ಸಹಜವಾಗಿಯೇ ತುಸು ತಡ. ಹಿರಿಯರು ಇದನ್ನು ತಿಳಿಯಬೇಕು.

ಲೈಬ್ರರಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ರಾತ್ರಿ ಒಂಬತ್ತರ ನಂತರ ಮೇಲಿನ ಬಿಳಿ ದೀಪ ಆರಿಸಿ, ಟೇಬಲ್ಲಿಗೊಂದು ಹಳದಿ ದೀಪ ಕೊಡಿ. ಹನ್ನೊಂದಕ್ಕೆ ಬಾಗಿಲು ಹಾಕಿ, ಬೆಳಗ್ಗೆ ಆರಕ್ಕೆ ತೆಗೆಯಿರಿ. ಮಕ್ಕಳೇ, ಎದ್ದ ಕೂಡಲೇ ಮೊಬೈಲ್ ಬಿಟ್ಟು ಸಾಧನಕೇರಿ ಕಡೆಗೋ ಕೆಲಗೇರಿ ಕೆರೆ ಕಡೆಗೋ ಅರ್ಧ ಗಂಟೆ ನಡೆದು ಬನ್ನಿ. ನಮ್ಮ ಧಾರವಾಡದ ಮೋಡ ಕವಿದ ಬೆಳಗಿನಲ್ಲೂ ಹೊರಗಿನ ಬೆಳಕು ಕೋಣೆಯ ಟ್ಯೂಬ್‌ಲೈಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ.

– ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ, ಸಪ್ತಾಪುರ, ಧಾರವಾಡ