ಕೊನೆಯ ದಿನಗಳಲ್ಲಿ ಮನೆಯವರು ಪಕ್ಕದಲ್ಲಿರಲಿ

ಮಾನ್ಯರೇ,

ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿದೆ ಎಂದು ತಿಳಿದ ಮೇಲೆ ರೋಗಿಗಳು ಹೆಚ್ಚಾಗಿ ಕೇಳುವುದು ಎರಡನ್ನೇ: ನೋವು ತಗ್ಗಲಿ, ಹೆಂಡತಿ ಮಕ್ಕಳು ಕಣ್ಣೆದುರಿಗಿರಲಿ. ಉಪಶಾಮಕ ಆರೈಕೆ, ಅಂದರೆ ಇಂಥ ರೋಗಿಗಳ ನೋವು, ಸಂಕಟ ತಗ್ಗಿಸುವ ಕೆಲಸದಲ್ಲಿರುವ ದಾದಿಯರಾದ ನಮಗೆ ಇದು ದಿನನಿತ್ಯ ಕಿವಿಗೆ ಬೀಳುವ ಮಾತು. ಆದರೂ ಎಷ್ಟೋ ಜನ ಐಸಿಯು ಒಳಗೆ ಒಂಟಿಯಾಗಿ ಕಣ್ಣು ಮುಚ್ಚುತ್ತಾರೆ, ಮನೆಯವರು ಬಾಗಿಲಾಚೆ ಕಾಯುತ್ತಿರುತ್ತಾರೆ.

ಮನೆಗೆ ಕರೆತರಲು ಅಡ್ಡಿ ನೋವಿನ ಭಯ. ತೀವ್ರ ನೋವು ತಗ್ಗಿಸುವ ಔಷಧಿ ಮಾರ್ಫಿನ್. ವೈದ್ಯರು ಬರೆದುಕೊಟ್ಟ ಸಾಮಾನ್ಯ (ನಿಧಾನವಾಗಿ ಕರಗುವ ಬಗೆಯದಲ್ಲದ) ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ನೋವು ಮರುಕಳಿಸುವ ಮೊದಲೇ ಕೊಡಬೇಕು. ‘ತಡೆಯಲಾರದಷ್ಟಾದರೆ ಕೊಡೋಣ’ ಎಂದು ಕಾದರೆ, ಏರಿದ ನೋವನ್ನು ಇಳಿಸುವುದು ಕಷ್ಟ. ಮಾರ್ಫಿನ್‌ನಿಂದಾಗುವ ಮಲಬದ್ಧತೆಗೆ ಔಷಧಿಯನ್ನೂ ಮೊದಲ ದಿನದಿಂದಲೇ ಕೇಳಿ ಪಡೆಯಿರಿ. ಹೊಟ್ಟೆ ಕಟ್ಟಿತೆಂದು ಮಾರ್ಫಿನ್ ಬಿಟ್ಟು ನರಳುವವರು ಬಹಳ.

ಊಟದ ವಿಚಾರದಲ್ಲಿ ನಮ್ಮವರ ಪ್ರೀತಿಯೇ ತೊಂದರೆ ಮಾಡುವುದುಂಟು. ‘ಎರಡು ಚಮಚ ಗಂಜಿಯಾದರೂ ಹೋಗಲಿ’ ಎಂದು ಮಲಗಿದವರ ಬಾಯಿಗೆ ಹಾಕುತ್ತಾರೆ. ನುಂಗುವ ಶಕ್ತಿ ಹೋದವರಿಗೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಆ ಹಂತದಲ್ಲಿ ದೇಹ ಹಸಿವನ್ನೂ ಕೇಳುವುದಿಲ್ಲ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ನಾಲಿಗೆ, ಒಸಡು ಒರೆಸಿ, ತುಟಿಗೆ ತೆಂಗಿನೆಣ್ಣೆ ಸವರಿದರೆ ಸಾಕು. ಗಂಟಲಲ್ಲಿ ಗೊರಗೊರ ಸದ್ದಾದರೆ ಮಗ್ಗುಲಿಗೆ ತಿರುಗಿಸಿ, ತಲೆ ತುಸು ಎತ್ತರಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತ ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ ನೋಡಿ; ಹಾಸಿಗೆ ಹುಣ್ಣು ಶುರುವಾಗುವುದು ಅಲ್ಲೇ. ಮಾತು ನಿಂತ ಮೇಲೂ ಕಿವಿ ಕೇಳುತ್ತಿರಬಹುದು. ಕೈ ಹಿಡಿದು, ಕರೆಯುವ ಹೆಸರಿನಿಂದಲೇ ಕರೆದು ಮಾತಾಡಿ. ದೂರದ ಊರಿನ ಮಗನ ದನಿಯನ್ನು ಫೋನಿನಲ್ಲಾದರೂ ಕೇಳಿಸಿ.

ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡವೆನ್ನುವವರು ಅದನ್ನು ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿ, 2023ರಲ್ಲಿ ವಿಧಾನ ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ತಮ್ಮ ಪರ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆದಿರಬೇಕು. ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ.

ಬೆಂಗಳೂರಿನ ಆರೈಕೆ ಕೇಂದ್ರವಾದ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆ ಉಚಿತವಾಗಿ ಸಿಗುತ್ತದೆ. ಹಳ್ಳಿಯವರು ಅಷ್ಟು ದೂರ ಬರುವುದು ಹೇಗೆ? ತಾಲ್ಲೂಕು ಆಸ್ಪತ್ರೆಗಳಲ್ಲೇ ಮಾರ್ಫಿನ್ ದಾಸ್ತಾನು, ತರಬೇತಾದ ಒಬ್ಬ ದಾದಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು. ಐಸಿಯುಗಳಲ್ಲಿ ಸಾವಿನಂಚಿನ ರೋಗಿಯ ಪಕ್ಕ ಮನೆಯವರೊಬ್ಬರು ಹಗಲಿರುಳು ಕೂರಲು ಆಸ್ಪತ್ರೆಗಳು ಅವಕಾಶ ಕೊಡಬೇಕು.

– ಉಪಶಾಮಕ ಆರೈಕೆಯ ದಾದಿಯರು, ಮೈಸೂರು