ತಪ್ಪು ಉತ್ತರ ಬರೆಯುವ ಕಷ್ಟ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ನು ಹಿಡಿದು, ಪರೀಕ್ಷೆಗೆ ಕೂತವಳ ಹಾಗೆ. ಪ್ರಶ್ನೆಗಳು ಬಹುಪಾಲು ಚೆನ್ನಾಗಿವೆ. ಅವಸರ ಕಾಣುವುದು ತಪ್ಪು ಉತ್ತರಗಳಲ್ಲಿ.

ಮೂರನೇ ಪ್ರಶ್ನೆಯನ್ನೇ ನೋಡು. 1/2 + 1/3 ಎಷ್ಟು ಎಂದು ಕೇಳಿ 5/6, 2/5, 17, 100 ಅಂತ ನಾಲ್ಕು ಆಯ್ಕೆ ಕೊಟ್ಟಿದ್ದೀಯ. 17, 100ರ ಕಡೆ ಯಾವ ಮಗು ತಿರುಗಿ ನೋಡುತ್ತದೆ ಹೇಳು? ಉಳಿಯುವುದು ಎರಡೇ. ಕಣ್ಣು ಮುಚ್ಚಿ ಬರೆದರೂ ಅರ್ಧ ಸಲ ಅಂಕ ಸಿಗುತ್ತದೆ.

2/5 ಮಾತ್ರ ಬಿಡಬೇಡ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವ ಮಗುವಿಗೆ ಬರುವುದು ಅದೇ. ಜೊತೆಗೆ 2/6 ಇಡು: ಛೇದವನ್ನು 6 ಮಾಡಿಕೊಂಡು ಅಂಶ ಬದಲಿಸಲು ಮರೆತವರು ಅಲ್ಲಿಗೆ ಬರುತ್ತಾರೆ. ಮೇಲಿನ 1 ಹಾಗೇ ಬಿಟ್ಟು ಕೆಳಗಿನದನ್ನಷ್ಟೇ ಕೂಡಿಸುವವರಿಗೆ 1/5. ತಿದ್ದಲು ಕೂತಾಗ ಯಾರು ಎಲ್ಲಿ ಎಡವಿದರೆಂದು ಗುರುತು ಹಾಕಿದ ಉತ್ತರವೇ ಹೇಳುತ್ತದೆ. ಇಂಥ ತಪ್ಪುಗಳನ್ನು ಕೂತು ಯೋಚಿಸಲು ಹೋಗಬೇಡ, ಲೆಕ್ಕ ಬರುವವರಿಗೆ ಅವು ಹೊಳೆಯುವುದಿಲ್ಲ. ಆಯ್ಕೆ ಕೊಡದೆ ಇಂಥದ್ದೇ ಲೆಕ್ಕವನ್ನು ತರಗತಿಯಲ್ಲಿ ಒಮ್ಮೆ ಮಾಡಿಸು. ಮಕ್ಕಳ ನೋಟ್‌ಬುಕ್ಕಿನಲ್ಲೇ ಬೇಕಾದಷ್ಟು ಸಿಗುತ್ತವೆ. ನಾಲ್ಕನೆಯದು ಸಿಗದಿದ್ದರೆ ಮೂರೇ ಆಯ್ಕೆ ಸಾಕು.

ಸರಿಯುತ್ತರವನ್ನು ಮಾತ್ರ ಉದ್ದಕ್ಕೆ ಬರೆಯುವ ಚಾಳಿ ನಿನಗೂ ಇದೆ (ನಮ್ಮ ವಂಶದ್ದೇ ಇರಬೇಕು). ಮಕ್ಕಳು ಅದನ್ನು ಬೇಗ ಪತ್ತೆ ಹಚ್ಚುತ್ತಾರೆ. ‘ಯಾವುದು ಸರಿಯಲ್ಲ’ ಎಂದು ಕೇಳಲೇಬೇಕಾದರೆ ‘ಸರಿಯಲ್ಲ’ದ ಕೆಳಗೆ ಗೆರೆ ಎಳೆ.

ನಾನೊಮ್ಮೆ ಜಾಣತನ ತೋರಿಸಲು ಹೋಗಿ ಮಾತಿನಲ್ಲೇ ಸಿಕ್ಕಿಸುವ ಪ್ರಶ್ನೆ ಬರೆದಿದ್ದೆ. ಅಂಕ ಕೂಡಿಸುವಾಗ ನೋಡಿದರೆ, ಉಳಿದೆಲ್ಲದರಲ್ಲಿ ಮುಂದಿದ್ದವರು ಅದೊಂದರಲ್ಲಿ ತಪ್ಪಿದ್ದರು, ಹಿಂದಿದ್ದವರು ಸರಿ ಬರೆದಿದ್ದರು. ಗಮನವಿಟ್ಟು ಓದಿದವರಿಗೆ ಅದರಲ್ಲಿ ಎರಡು ಅರ್ಥ ಕಂಡಿತ್ತು. ನಾಚಿಕೆಯಾಗಿ ಎಲ್ಲರಿಗೂ ಆ ಅಂಕ ಕೊಟ್ಟೆ. ಅಲ್ಲಿಂದ ಪ್ರತಿ ಪರೀಕ್ಷೆಯಾದ ಮೇಲೂ ಮೇಲಿನ ಹತ್ತು, ಕೆಳಗಿನ ಹತ್ತು ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಪ್ರಶ್ನೆ ನೋಡುತ್ತಿದ್ದೆ. ನೀನೂ ನೋಡು, ಒಂದು ಗಂಟೆಯ ಕೆಲಸ.

ನಿನ್ನ ಏಳನೇ ಪ್ರಶ್ನೆ ಅದೇ ಜಾತಿಯದು. ನನಗೆ ಎರಡು ಆಯ್ಕೆ ಸರಿ ಕಂಡವು. ಕೀ ಉತ್ತರದಲ್ಲಿ ನೀನು ಬರೆದಿರುವುದು ಮೂರನೆಯದನ್ನು.

ಇಂತಿ,
ನಿನ್ನ ದೊಡ್ಡಮ್ಮ